ನಂಬಿಕೆಯೂ ನಂಬಿಗಸ್ತಿಕೆಯೂ: ನಮ್ಮ ಸರಳ ಬೋಧನೆಯ ವಿಮರ್ಶೆ

ಕ್ರೈಸ್ತ ನಂಬಿಕೆಯನ್ನು ಸರಳವಾಗಿ ಬೋಧಿಸಬೇಕೆಂಬುದರಲ್ಲಿ ನಮ್ಮೊಳಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಸರಳತೆಯ ಹೆಸರಿನಲ್ಲಿ ನಾವು ಏನನ್ನು ಬಿಟ್ಟುಬಿಡುತ್ತಿದ್ದೇವೆಂಬುದನ್ನು ಪರಿಶೀಲಿಸಬೇಕಾಗಿದೆ. ನಮ್ಮ ಪ್ರಸಂಗಗಳಲ್ಲಿ ಕೇಳಿಬರುವ ಕುರ್ಚಿಯ ದೃಷ್ಟಾಂತವನ್ನೇ ತೆಗೆದುಕೊಳ್ಳೋಣ. ಕುರ್ಚಿಯು ನಮ್ಮನ್ನು ಹೊರುತ್ತದೆಂದು ತಿಳಿದರೆ ಸಾಲದು, ಅದರ ಮೇಲೆ ಕುಳಿತುಕೊಳ್ಳಬೇಕು. ಅದೇ ನಂಬಿಕೆ ಎನ್ನುತ್ತೇವೆ. ಬರಿಯ ತಿಳಿವಳಿಕೆಗೂ ಭಾರವನ್ನೆಲ್ಲ ಹಾಕಿ ಆತುಕೊಳ್ಳುವುದಕ್ಕೂ ಇರುವ ಅಂತರವನ್ನು ಈ ದೃಷ್ಟಾಂತ ಚೆನ್ನಾಗಿ ತೋರಿಸುತ್ತದೆ. ಅದರ ಕೊರತೆಯೂ ಅಷ್ಟೇ ಸ್ಪಷ್ಟ. ಕುರ್ಚಿಯು ಮಾತು ಕೊಡುವುದಿಲ್ಲ. ಕೊಟ್ಟ ಮಾತನ್ನು ಉಳಿಸಿಕೊಳ್ಳುವುದೂ ಇಲ್ಲ. ಅಬ್ರಹಾಮನು ನಂಬಿದ್ದು ವಸ್ತುವನ್ನಲ್ಲ, ತನ್ನೊಡನೆ ಮಾತಾಡಿದ ದೇವರನ್ನು.

ಈ ಕೊರತೆಯನ್ನು ತುಂಬಲು ಬೇಕಾದ ಸಾಧನ ನಮ್ಮ ಭಾಷೆಯಲ್ಲಿಯೇ ಇದೆ. ಗ್ರೀಕಿನ ‘ಪಿಸ್ತಿಸ್’ ಎಂಬ ಪದಕ್ಕೆ ನಂಬಿಕೆಯೆಂಬ ಅರ್ಥವೂ ನಂಬಿಗಸ್ತಿಕೆಯೆಂಬ ಅರ್ಥವೂ ಉಂಟು. ನಾವು ಪ್ರತಿ ಪ್ರಾರ್ಥನೆಯ ಕೊನೆಗೆ ನುಡಿಯುವ ‘ಆಮೆನ್’ ಎಂಬುದು ಸ್ಥಿರತೆಯನ್ನು ಸೂಚಿಸುವ ಹೀಬ್ರೂ ಧಾತುವಿನಿಂದ ಬಂದದ್ದು. ಕನ್ನಡದಲ್ಲಿಯೂ ನಂಬುವವನ ನಂಬಿಕೆ, ನಂಬಲ್ಪಡುವವನ ನಂಬಿಗಸ್ತಿಕೆ ಎರಡೂ ಒಂದೇ ಬೇರಿನ ಚಿಗುರುಗಳು. ‘ವಿಶ್ವಾಸ’ವೆಂಬ ಪದ ಆಡುಮಾತಿನಲ್ಲಿ ಸ್ನೇಹ, ಮಮತೆಗಳ ಕಡೆಗೆ ವಾಲುತ್ತದೆ, ‘ನಂಬಿಕೆ’ಯೆಂದೊಡನೆ ಕೆಲವರಿಗೆ ಮೂಢನಂಬಿಕೆ ನೆನಪಾಗುತ್ತದೆ. ಆದರೂ ‘ಅವರು ನಂಬಿಕಸ್ಥರು’ ಎಂಬ ಮಾತಿಗೆ ಯಾವ ಹಳ್ಳಿಯಲ್ಲಿಯೂ ವ್ಯಾಖ್ಯಾನ ಬೇಡ. ನಮ್ಮ ಬೋಧನೆ ಅಲ್ಲಿಂದ ಆರಂಭವಾಗಬೇಕು.

ಹಿಂದಿನವರು ಸರಳತೆಯನ್ನು ಹೇಗೆ ಕಂಡರು? ಸ್ಯಾಕ್ಸನಿಯ ಸಭೆಗಳನ್ನು ಸಂದರ್ಶಿಸಿ ಜನರ ಅಜ್ಞಾನವನ್ನು ಕಣ್ಣಾರೆ ಕಂಡ ಲೂಥರನು 1529ರಲ್ಲಿ ಚಿಕ್ಕ ಪ್ರಶ್ನೋತ್ತರಮಾಲೆಯನ್ನು ಪ್ರಕಟಿಸಿದನು. ಸೃಷ್ಟಿಕರ್ತನ ಕುರಿತಾದ ವಿವರಣೆಯಲ್ಲಿ ಅವನು ಬಟ್ಟೆ, ಪಾದರಕ್ಷೆ, ಅನ್ನ, ಮನೆ, ಹೊಲ, ದನಕರುಗಳನ್ನು ಹೆಸರಿಸುತ್ತಾನೆ. ಅವನ ಸರಳತೆ ಸಿದ್ಧಾಂತವನ್ನು ಕುಗ್ಗಿಸಲಿಲ್ಲ. ಅದನ್ನು ಮನೆಯೊಳಕ್ಕೆ ತಂದಿತು. ಕನ್ನಡನಾಡಿನಲ್ಲಿ ಬಾಸೆಲ್ ಮಿಷನ್ನಿನ ಫರ್ಡಿನಂಡ್ ಕಿಟೆಲರು 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಈ ನೆಲದ ಛಂದೋಲಯಕ್ಕೆ ಒಗ್ಗಿಸಿದರು. ವಾದಕ್ಕಿಂತ ಮೊದಲು ಕಥೆಯನ್ನು, ಕಣ್ಣಿಗಿಂತ ಮೊದಲು ಕಿವಿಯನ್ನು ನೆಚ್ಚಿದ್ದು ಅದರ ಹಿರಿಮೆ. ಆದರೆ ಆ ಛಂದಸ್ಸನ್ನು ಇಂದು ಅನುಕರಿಸಿದ ಮಾತ್ರಕ್ಕೆ ನಮ್ಮ ಬೋಧನೆ ಸರಳವಾಗದು. ಪದ್ಯವನ್ನು ರಾಗವಾಗಿ ಕೇಳುವ ಅಭ್ಯಾಸವೇ ಇಲ್ಲದ ಕಿವಿಗೆ ಅದೂ ಹೊರಗಿನದೇ. ನಾವು ಅನುಸರಿಸಬೇಕಾದದ್ದು ಅವರ ರೂಪವನ್ನಲ್ಲ, ಕೇಳುಗನ ಬಳಿಗೆ ನಡೆದುಹೋದ ಅವರ ಶ್ರಮವನ್ನು.

ಚನ್ನಗಿರಿ ಸೀಮೆಯ ಕತ್ತಲಗೆರೆಯಂಥ ಊರಿನಲ್ಲಿ ನಿಂತು ಯೋಚಿಸೋಣ. ಭದ್ರಾ ನಾಲೆಯ ನೀರನ್ನು ನೆಚ್ಚಿ ಬತ್ತ ಬೆಳೆಯುವ ಪ್ರದೇಶವದು. ನಾಟಿಗೆ ಬರುವ ಹೆಣ್ಣುಮಗಳು ಕೂಲಿ ಕೈಸೇರುವ ಮೊದಲೇ ಕೆಸರಿಗಿಳಿಯುತ್ತಾಳೆ. ಅವಳು ನಂಬಿರುವುದು ಕರೆದವರ ಮಾತನ್ನು. ನಂಬಿಕೆಯೆಂದರೇನೆಂದು ಅವಳಿಗೆ ಕುರ್ಚಿಯನ್ನು ತೋರಿಸಿ ಕಲಿಸಬೇಕೆ? ಕೊಟ್ಟ ಮಾತು ಮುರಿದಾಗ ಆಗುವ ನೋವೂ ಅವಳಿಗೆ ತಿಳಿದಿದೆ. ಅಂಥವಳಿಗೆ ‘ಸುಮ್ಮನೆ ನಂಬು’ ಎಂದು ಹೇಳುವುದು ಸರಳತೆಯಲ್ಲ, ನಿರ್ದಯತೆ. ಅವಳ ಹಿಂಜರಿಕೆಯನ್ನು ಅವಿಶ್ವಾಸವೆಂದು ಖಂಡಿಸುವ ಮೊದಲು, ನಾವು ಸಾರುವ ದೇವರು ನಂಬಿಗಸ್ತನೆಂಬುದನ್ನು ಹೇಳಬೇಕು: ಯೇಸು ತನ್ನವರನ್ನು ಕೊನೆಯವರೆಗೂ ಪ್ರೀತಿಸಿದನು, ಶಿಲುಬೆಯ ಮುಂದೆಯೂ ಹಿಂದೆಗೆಯಲಿಲ್ಲ, ದೇವರು ಆತನನ್ನು ಸತ್ತವರೊಳಗಿಂದ ಎಬ್ಬಿಸಿದನು. ನಮ್ಮ ನಂಬಿಕೆ ಎಷ್ಟು ಗಟ್ಟಿಯೆಂಬುದು ಆಮೇಲಿನ ಪ್ರಶ್ನೆ. ಆತನ ನಂಬಿಗಸ್ತಿಕೆಯೇ ಸುವಾರ್ತೆಯ ಮೊದಲ ವಾಕ್ಯ.

ಈ ಹೋಲಿಕೆಗೂ ಮಿತಿಯುಂಟು. ಕೂಲಿಯು ದುಡಿಮೆಗೆ ಸಲ್ಲುವ ಹಕ್ಕು, ಕೃಪೆ ಹಾಗಲ್ಲ. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ ತೋರಿಸುವುದು ಇದೇ ಭೇದವನ್ನು. ದೃಷ್ಟಾಂತವು ಎಲ್ಲಿ ನಿಲ್ಲುತ್ತದೆಂದು ಹೇಳುವುದೂ ಸರಳ ಬೋಧನೆಯ ಭಾಗವೇ.

ಕೊನೆಯದಾಗಿ, ಈ ವಿಮರ್ಶೆ ನಮ್ಮ ಕಡೆಗೇ ತಿರುಗುತ್ತದೆ. ಬರುತ್ತೇವೆಂದು ಹೇಳಿ ರೋಗಿಯ ಮನೆಗೆ ಹೋಗದೆ ಉಳಿದ ಸಭಾಪಾಲಕನು ಭಾನುವಾರ ನಂಬಿಕೆಯನ್ನು ಎಷ್ಟು ತಿಳಿಯಾಗಿ ವಿವರಿಸಿದರೂ ಆ ಮನೆಯವರಿಗೆ ಅದು ಅರ್ಥವಾಗುವುದು ಕಷ್ಟ. ನಾವು ಸಣ್ಣ ಮಾತುಗಳನ್ನೂ ಉಳಿಸಿಕೊಳ್ಳುವವರಾದರೆ, ದೊಡ್ಡ ಮಾತನ್ನು ಕೊಟ್ಟಾತನ ಕುರಿತು ನಾವು ಹೇಳುವುದನ್ನು ಜನರು ಕಿವಿಗೊಟ್ಟು ಕೇಳಿಯಾರು.