ಬಾಯಿಪಾಠದ ರುಚಿ

ಚೀನದ ಕಾಲೇಜುಗಳಲ್ಲಿ ಇಂಗ್ಲಿಷ್ ಓದುವ ಹುಡುಗ ಹುಡುಗಿಯರು ಬೆಳಗ್ಗೆ ತರಗತಿಗೆ ಮೊದಲೇ ಪುಸ್ತಕ ಹಿಡಿದು ಬಯಲಿಗೆ ಬರುತ್ತಾರೆ. ಮರದಡಿ ಒಬ್ಬಳು, ಗೋಡೆಗೆ ಮುಖಮಾಡಿ ಒಬ್ಬ, ಮೆಟ್ಟಿಲ ಮೇಲೆ ಇನ್ನೊಬ್ಬಳು. ಒಬ್ಬೊಬ್ಬರೂ ತಮ್ಮ ಪಾಡಿಗೆ ತಾವು ಗಟ್ಟಿಯಾಗಿ ಓದುತ್ತಾರೆ. ಪಕ್ಕದವರ ದನಿ ಅಡ್ಡಿಯಾಯಿತೆಂಬ ದೂರಿಲ್ಲ. ಒಂದೇ ವಾಕ್ಯ ಹತ್ತು ಸಲ, ಇಪ್ಪತ್ತು ಸಲ, ನಾಲಿಗೆಗೆ ಒಗ್ಗುವವರೆಗೆ. ಹೊರದೇಶದಿಂದ ಪಾಠ ಹೇಳಲು ಬಂದ ಮೇಷ್ಟರುಗಳು ಮೊದಲು ಬೆರಗಾಗುವುದು ಇದಕ್ಕೇ. ಬಾಯಿಪಾಠವೆಂದರೆ ಮೂಗು ಮುರಿಯುವ ಶಾಲೆಗಳಲ್ಲಿ ಬೆಳೆದವರು ಅವರು. ಅರ್ಥವಾಗದೆ ಉರು ಹೊಡೆದು ಏನು ಬಂತು ಎಂದು ಅವರಿಗೆ ಅನ್ನಿಸುವುದು ಸಹಜ. ಕೆಲವರು ಆ ತಾತ್ಸಾರದಲ್ಲೇ ನಿಂತುಬಿಡುತ್ತಾರೆ. ನನಗೆ ಇಷ್ಟವಾಗುವವರು ಅದನ್ನು ದಾಟಿದವರು.

ಇಂಥ ಮೇಷ್ಟರುಗಳ ನೆನಪಿನ ಬರಹಗಳಲ್ಲಿ ಬಿಸಿನೀರಿನ ಫ್ಲಾಸ್ಕು, ಸೈಕಲ್ಲು, ಮದ್ಯ ಸುರಿಯುವ ಔತಣ, ವಿದ್ಯಾರ್ಥಿಗಳು ತಮಗೆ ತಾವೇ ಇಟ್ಟುಕೊಂಡ ವಿಚಿತ್ರ ಇಂಗ್ಲಿಷ್ ಹೆಸರು, ಇವೆಲ್ಲ ಬಂದೇ ಬರುತ್ತವೆ. ಎರಡು ಪುಸ್ತಕ ಓದಿದವರಿಗೆ ಮೂರನೆಯದರಲ್ಲಿ ಏನಿರುತ್ತದೆಂದು ಗೊತ್ತು. ಸವಿಯಿರುವುದು ತರಗತಿಯ ಒಳಗೆ: ಒಂದು ಹಳೆಯ ಪದ್ಯ ಹೊಸ ಕಿವಿಗೆ ಬೀಳುವ ಗಳಿಗೆಯಲ್ಲಿ.

ವಿಲಿಯಂ ಎಂಪ್ಸನ್‌ನ ಪ್ರಸಂಗ ನೋಡಿ. 1930ರಲ್ಲಿ, ಇನ್ನೂ ಇಪ್ಪತ್ತನಾಲ್ಕರ ಪ್ರಾಯದಲ್ಲಿ, 'ಸೆವೆನ್ ಟೈಪ್ಸ್ ಆಫ್ ಆ್ಯಂಬಿಗ್ವಿಟಿ' ಎಂಬ ವಿಮರ್ಶಾಗ್ರಂಥ ಬರೆದು ಹೆಸರು ಮಾಡಿದವನು. ಪದ್ಯದ ಒಂದೊಂದು ಮಾತನ್ನೂ ಹಿಂಜಿ, ಅದರೊಳಗೆ ಎಷ್ಟು ಅರ್ಥ ಅಡಗಿವೆ ಎಂದು ಎಣಿಸುವವನು. ಅಂಥವನಿಗೆ ಅಚ್ಚಾದ ಪುಟ ಕಣ್ಣೆದುರಿಗೆ ಇರಲೇಬೇಕಲ್ಲ. ಆದರೆ ಆತ ಪೀಕಿಂಗ್ ವಿಶ್ವವಿದ್ಯಾಲಯದ ಕೆಲಸಕ್ಕೆಂದು 1937ರಲ್ಲಿ ಚೀನಕ್ಕೆ ಬರುವ ಹೊತ್ತಿಗೆ ಜಪಾನಿನ ದಾಳಿ ಶುರುವಾಗಿತ್ತು. ಪೀಕಿಂಗ್, ಚಿಂಗ್‌ಹ್ವಾ, ನಾನ್‌ಕಾಯ್ ಈ ಮೂರೂ ವಿಶ್ವವಿದ್ಯಾಲಯಗಳು ಒಟ್ಟಾಗಿ ಗಂಟುಮೂಟೆ ಕಟ್ಟಿ ಹುನಾನ್ ಪ್ರಾಂತಕ್ಕೆ ವಲಸೆ ಹೊರಟಿದ್ದವು. ಸಾಹಿತ್ಯ ವಿಭಾಗಕ್ಕೆ ಜಾಗ ಸಿಕ್ಕಿದ್ದು ನಾನ್‌ಯೂಯೆಯಲ್ಲಿ, ಚೀನೀಯರು ಪವಿತ್ರವೆಂದು ನಂಬುವ ಹೆಂಗ್ ಪರ್ವತದ ತಪ್ಪಲಲ್ಲಿ. ಗ್ರಂಥಾಲಯ ಉತ್ತರದಲ್ಲೇ ಉಳಿದಿತ್ತು. ಮೇಷ್ಟರು ಇದ್ದರು, ವಿದ್ಯಾರ್ಥಿಗಳು ಇದ್ದರು, ಪುಸ್ತಕ ಮಾತ್ರ ಇರಲಿಲ್ಲ.

ಎಂಪ್ಸನ್ ನೆನಪಿನಿಂದ ಪಾಠ ಹೇಳಿದ. ಆತನ ಮಾತು ವಿದ್ಯಾರ್ಥಿಗಳಿಗೆ ಸುಲಭಕ್ಕೆ ಹಿಡಿಯುತ್ತಿರಲಿಲ್ಲ; ಆಗ ಹಲಗೆಯ ಕಡೆ ತಿರುಗಿ ಸರಸರ ಬರೆಯುತ್ತಿದ್ದ. 'ಒಥೆಲೊ' ನಾಟಕವನ್ನು ಇಡಿಯಾಗಿ ತಲೆಯೊಳಗಿನಿಂದಲೇ ಟೈಪು ಮಾಡಿ ಹಂಚಿದನೆಂಬ ಕಥೆ ಆ ವಿದ್ಯಾರ್ಥಿಗಳ ನಡುವೆ ಬಹುಕಾಲ ಓಡಾಡಿತು. ಶಿಷ್ಯರ ಬಾಯಲ್ಲಿ ಗುರುವಿನ ಕಥೆ ಬೆಳೆಯುವುದು ಇದ್ದದ್ದೇ, ನಾಲ್ಕಾಣೆ ಕಳೆದು ನಂಬಿದರೂ ಸಾಕು. ನನಗೆ ಕುತೂಹಲ ಆತನಿಗೆ ಎಷ್ಟು ನೆನಪಿತ್ತು ಎಂಬುದರಲ್ಲಿಲ್ಲ, ಎಲ್ಲಿ ತಡವರಿಸಿದ ಎಂಬುದರಲ್ಲಿ. ಬಾಯಿಗೆ ಬಂದ ಪದ್ಯದಲ್ಲಿ ಒಂದು ಮಾತು ಜಾರಿತೆನ್ನಿ. ಅದರ ಜಾಗಕ್ಕೆ ಇನ್ನೊಂದನ್ನು ಕೂರಿಸಿ ನೋಡುತ್ತೇವೆ. ಲಯ ಕುಂಟುತ್ತದೆ, ಇಲ್ಲವೆ ಅರ್ಥ ಸೊರಗುತ್ತದೆ. ಗದುಗಿನ ಭಾರತದ ಷಟ್ಪದಿಯೊಂದನ್ನು ಗಮಕಿಯಿಂದ ಕೇಳಿ ಕಲಿತು, ಅರ್ಧದಲ್ಲಿ ಮರೆತವರಿಗೆ ಈ ಚಡಪಡಿಕೆ ಗೊತ್ತು. ಕವಿ ಅಲ್ಲಿ ಆ ಮಾತನ್ನೇ ಏಕೆ ಇಟ್ಟ ಎಂಬುದು ಆಗ ಹೊಳೆಯುವಷ್ಟು ಚೆನ್ನಾಗಿ ಪುಸ್ತಕ ತೆರೆದಿಟ್ಟುಕೊಂಡಾಗ ಹೊಳೆಯುವುದಿಲ್ಲ. ಸೂಕ್ಷ್ಮ ಓದಿಗೆ ಹೆಸರಾದವನೊಬ್ಬ ಓದಲು ಪುಸ್ತಕವೇ ಇಲ್ಲದ ಕಡೆ ಬಂದು ಸೇರಿದ್ದನ್ನು ದುರದೃಷ್ಟ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಯುದ್ಧ ಹತ್ತಿರ ಬಂತು. 1938ರಲ್ಲಿ ವಿಶ್ವವಿದ್ಯಾಲಯ ಮತ್ತೆ ಎದ್ದು ನೈಋತ್ಯದ ಯುನ್ನಾನ್ ಪ್ರಾಂತಕ್ಕೆ ಹೊರಟಿತು. ವಿದ್ಯಾರ್ಥಿಗಳ ಒಂದು ತಂಡ, ಜೊತೆಗೆ ಕೆಲವು ಅಧ್ಯಾಪಕರು, ಕುನ್‌ಮಿಂಗ್‌ವರೆಗೆ ಸಾವಿರದಾರುನೂರು ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ಬಹುಪಾಲು ನಡೆದೇ ಸವೆಸಿತು. ಅಲ್ಲಿ ಕಟ್ಟಿಕೊಂಡದ್ದು ಮಣ್ಣಿನ ಗೋಡೆ, ಹುಲ್ಲಿನ ಮಾಡಿನ ಹಾಸ್ಟೆಲು, ತಗಡಿನ ಮಾಡಿನ ತರಗತಿ. ಮಳೆ ಹೊಯ್ದರೆ ಪಾಠ ಕೇಳುವ ಮಾತೇ ಇಲ್ಲ. ಅರ್ಥಶಾಸ್ತ್ರದ ಪ್ರಾಧ್ಯಾಪಕ ಚೆನ್ ದಾಯ್‌ಸುನ್ ಒಮ್ಮೆ ತಗಡಿನ ಮೇಲಿನ ಮಳೆಯ ಜೊತೆ ಗುದ್ದಾಡಿ ಸಾಕಾಗಿ, ಪಾಠ ನಿಲ್ಲಿಸಿದೆ, ಎಲ್ಲರೂ ಮಳೆ ಸವಿಯಿರಿ ಎಂಬರ್ಥದ ನಾಲ್ಕೇ ಅಕ್ಷರ ಹಲಗೆಯ ಮೇಲೆ ಬರೆದು ಕೂತರೆಂದು ಹೇಳುತ್ತಾರೆ. ರಸಿಕತೆಗೆ ಇಷ್ಟು ಕಡಿಮೆ ಸೀಮೆಸುಣ್ಣ ಖರ್ಚಾದದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಹಾಸ್ಟೆಲಿನಲ್ಲಿ ಬೆಳಕು ಸಾಲದು, ಗ್ರಂಥಾಲಯದಲ್ಲಿ ಜಾಗ ಸಾಲದು. ಹುಡುಗರು ಚಹಾದಂಗಡಿ ಹೊಕ್ಕರು. ಒಂದು ಲೋಟ ಚಹಾ ಹಿಡಿದರೆ ಅದಕ್ಕೆ ಬಿಸಿನೀರು ಹೊಯ್ಯಿಸಿಕೊಳ್ಳುತ್ತ ಗಂಟೆಗಟ್ಟಲೆ ಕೂರಬಹುದಿತ್ತು. ಮುಂದೆ ದೊಡ್ಡ ಕಥೆಗಾರನಾದ ವಾಂಗ್ ತ್ಸೆಂಗ್‌ಚಿ ಆಗ ಅಲ್ಲಿಯ ವಿದ್ಯಾರ್ಥಿ. ತನ್ನ ಮೊದಮೊದಲ ಕಥೆಗಳನ್ನು ಅಂಥ ಮೇಜುಗಳ ಮೇಲೇ ಬರೆದೆನೆಂದು ಆತ ಹೇಳಿಕೊಂಡಿದ್ದಾನೆ. ಎಂಪ್ಸನ್ ಕುನ್‌ಮಿಂಗ್‌ನಲ್ಲಿ ಎಲಿಯಟ್, ಆಡೆನ್ ಮೊದಲಾದ ಸಮಕಾಲೀನರ ಕಾವ್ಯ ಪಾಠ ಮಾಡಿ 1939ರಲ್ಲಿ ಊರಿಗೆ ಮರಳಿದ. ಕೇಳಿದವರಲ್ಲಿ ಮೂ ದಾನ್ ಚೀನೀ ನವ್ಯಕಾವ್ಯದ ಮುಖ್ಯ ಕವಿಯಾದ. ರಾಜಕೀಯದ ಏಟಿಗೆ ಸಿಕ್ಕಿ ಸ್ವಂತ ಕವಿತೆಯ ಬಾಯಿ ಕಟ್ಟಿಹೋದ ವರ್ಷಗಳಲ್ಲಿ ಆತ ಬೈರನ್ನನ 'ಡಾನ್ ಜುವಾನ್' ಅನುವಾದಿಸುತ್ತ ಕೂತ. ತೀರಿಹೋದದ್ದು 1977ರಲ್ಲಿ, ಆ ಅನುವಾದ ಅಚ್ಚಾದದ್ದು 1980ರಲ್ಲಿ.

ಇನ್ನೊಬ್ಬ ಮೇಷ್ಟರು ಅಮೆರಿಕದ ಪೀಟರ್ ಹೆಸ್ಲರ್. ಯಾಂಗ್ಟ್ಸೆ ನದಿಗೆ ವೂ ನದಿ ಬಂದು ಕೂಡುವ ಫೂಲಿಂಗ್ ಎಂಬ ಊರಿನ ಶಿಕ್ಷಕರ ತರಬೇತಿ ಕಾಲೇಜಿಗೆ ಆತ ಬಂದದ್ದು 1996ರಲ್ಲಿ. ಆಗ ಊರಿಗೆ ರೈಲೂ ಇರಲಿಲ್ಲ. ಎರಡು ವರ್ಷದ ಆ ಬದುಕು 2001ರಲ್ಲಿ 'ರಿವರ್ ಟೌನ್' ಎಂಬ ಪುಸ್ತಕವಾಯಿತು. ವಿದ್ಯಾರ್ಥಿಗಳು ಹೆಚ್ಚಿನವರು ಸಿಚುವಾನಿನ ಹಳ್ಳಿಯ ರೈತರ ಮಕ್ಕಳು. ಓದಿದ್ದಕ್ಕೆಲ್ಲ ಕಲಿಸಿಕೊಟ್ಟ ರಾಜಕೀಯದ ಬಣ್ಣ ಬಳಿಯುವ ಅಭ್ಯಾಸ ಅವರಿಗೆ. ಹ್ಯಾಮ್ಲೆಟ್ ಕೂಡ ರೈತರ ಬಗ್ಗೆ ಕಾಳಜಿಯುಳ್ಳವನಾಗಿಬಿಡುತ್ತಿದ್ದ. ಹೆಸ್ಲರ್‌ಗೆ ಇದು ತಲೆನೋವು. ಆದರೆ ಶೇಕ್ಸ್‌ಪಿಯರನ ಹದಿನೆಂಟನೆಯ ಸಾನೆಟ್ ಎತ್ತಿಕೊಂಡ ದಿನ ಬೇರೆಯೇ ಆಯಿತು. ಲಯ ಹಿಡಿಯಿರಿ ಎಂದರೆ ಹುಡುಗರು ಮೇಜು ಕುಟ್ಟಿ ಹಿಡಿದರು. ಅವರ ಕಿವಿ ಆಗಲೇ ಪಳಗಿತ್ತು: ದು ಫು, ಲಿ ಬಾಯ್ ಕವಿತೆಗಳು ಹತ್ತು ಹನ್ನೆರಡಾದರೂ ಪ್ರತಿಯೊಬ್ಬರ ಬಾಯಲ್ಲಿದ್ದವು. ಹೊಲದ ಕೆಲಸದವರ ಮನೆಯಿಂದ ಬಂದವರು ಸಾವಿರ ವರ್ಷಕ್ಕೂ ಹಿಂದಿನ ಪದ್ಯಗಳನ್ನು ಪಟಪಟ ಹೇಳುವುದು ಕಂಡು, ಆಕ್ಸ್‌ಫರ್ಡಿನಲ್ಲಿ ಓದಿ ಬಂದ ಮೇಷ್ಟರಿಗೆ ತನ್ನ ನಾಡಿನ ಕಾವ್ಯಾಭ್ಯಾಸದ ಮೇಲೇ ಸಂಶಯ ಬಂತು.

ಆಮೇಲೆ ಆತ ಕೇಳಿದ್ದು ನನಗೆ ಬಹಳ ಹಿಡಿಸಿದ ಪ್ರಶ್ನೆ. ಈ ಸಾಲುಗಳಿರುವವರೆಗೆ ನಿನಗೆ ಅಳಿವಿಲ್ಲವೆಂದು ಕವಿ ಮಾತು ಕೊಟ್ಟಿದ್ದಾನಷ್ಟೆ? ಸರಿ, ಈಗ ಅವಳು ನಿಮಗೆ ಕಾಣಿಸುತ್ತಾಳೆಯೇ? ಕಂಡದ್ದನ್ನು ಬರೆಯಿರಿ. ಬರೆದರು. ವಿಲೋ ಎಲೆಯಂಥ ಹುಬ್ಬು, ಎಳೆ ಈರುಳ್ಳಿಯ ದಂಟಿನಂಥ ನೀಳ ಬೆರಳು: ಹಳೆಯ ಚೀನೀ ಕಾವ್ಯದ ಅಪ್ಪಟ ಸುಂದರಿಯೇ ಎದ್ದು ಬಂದಳು. ಶೇಕ್ಸ್‌ಪಿಯರ್ ಆ ಪದ್ಯದಲ್ಲಿ ಹುಬ್ಬಿನ ಸುದ್ದಿ ಎತ್ತಿಲ್ಲ, ಬೆರಳಿನದಂತೂ ಇಲ್ಲವೇ ಇಲ್ಲ. (ಆ ಸಾನೆಟ್ ಒಬ್ಬ ತರುಣನನ್ನು ಕುರಿತದ್ದೆಂದು ಪಂಡಿತರು ವಾದಿಸುತ್ತಾರೆ, ಅವರು ವಾದಿಸಿಕೊಳ್ಳಲಿ.) ಕವಿ ಖಾಲಿ ಬಿಟ್ಟ ಜಾಗ ಅಷ್ಟು ದೊಡ್ಡದಿತ್ತು, ವೂ ನದಿಯ ದಡದ ಹುಡುಗರು ತಮ್ಮವಳನ್ನು ಕರೆತಂದು ಅಲ್ಲಿ ಕೂರಿಸಿದರು. ಟಿಪ್ಪಣಿ ಸಹಿತ ಆವೃತ್ತಿಗಳಲ್ಲಿ ನಾನು ಕಾಣದ ವ್ಯಾಖ್ಯಾನ ಇದು.

ಹೆಸ್ಲರ್ 2019ರಲ್ಲಿ ಚೆಂಗ್ದುವಿನ ಸಿಚುವಾನ್ ವಿಶ್ವವಿದ್ಯಾಲಯಕ್ಕೆ ಮತ್ತೆ ಪಾಠ ಹೇಳಲು ಹೋದ. ಅಷ್ಟರಲ್ಲಿ ಫೂಲಿಂಗ್‌ನ ಹಳೆಯ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ತಾವೇ ಇಂಗ್ಲಿಷ್ ಮೇಷ್ಟರಾಗಿ ನಡುವಯಸ್ಸಿಗೆ ಬಂದಿದ್ದರು. ಅವರ ಕಥೆಯೂ ಸೇರಿದ 'ಅದರ್ ರಿವರ್ಸ್' 2024ರಲ್ಲಿ ಬಂತು. ತಿಳಿವಳಿಕೆಗೆ ಅದು ಹೆಚ್ಚು ದೊಡ್ಡ ಪುಸ್ತಕ. ನಾನು ಕಪಾಟಿನಿಂದ ಮತ್ತೆ ಮತ್ತೆ ತೆಗೆಯುವುದು ಮಾತ್ರ ಮೊದಲನೆಯದನ್ನೇ, ಅದರಲ್ಲೂ ಹುಡುಗರು ಮೇಜು ಕುಟ್ಟುವ ಪುಟಗಳನ್ನು.