ಕೆಸರುಗದ್ದೆಗೆ ರೋಟವೇಟರ್: ಒಂದು ಕೊಟೇಶನ್ನಿನ ವ್ಯಾಖ್ಯಾನ

ಮಹಾರಾಷ್ಟ್ರದ ಬದಲಾಪುರದ ಕಟ್ಟಡಗಳ ಸಾಲು ಮುಗಿಯುವಲ್ಲಿಂದ ಭತ್ತದ ಗದ್ದೆ ಶುರು. ಮೇ ತಿಂಗಳು ಬಂತೆಂದರೆ ಮಿನಿ ಟ್ರ್ಯಾಕ್ಟರ್ ಇಟ್ಟುಕೊಂಡ ರೈತರು ಅದಕ್ಕೊಂದು ರೋಟವೇಟರ್ ಹುಡುಕಿಕೊಂಡು ಕಲ್ಯಾಣ, ಮುರ್ಬಾಡ್ ಎಂದು ಅಲೆಯುತ್ತಾರೆ. ಕೈಗೆ ಸಿಗುವ ಕೊಟೇಶನ್ ಎಲ್ಲ ಅಂಗಡಿಯಲ್ಲೂ ಹೆಚ್ಚುಕಡಿಮೆ ಒಂದೇ ಥರ: ಅರ್ಧ ಪುಟ, ಏಳೆಂಟು ಸಾಲು, ಕೊನೆಗೆ ಬೆಲೆ. ಕಣ್ಣು ನೇರ ಬೆಲೆಗೆ ಹೋಗುತ್ತದೆ. ಅದರ ಮೇಲಿನ ಸಾಲುಗಳಲ್ಲಿ ಏನಿದೆ, ಏನನ್ನು ಬಿಟ್ಟಿದ್ದಾರೆ ಎಂಬುದು ತಿಳಿಯಬೇಕಾದರೆ ಅವನ್ನು ಇಲ್ಲಿನ ಕೆಸರಿನಲ್ಲಿ ನಿಂತು ಓದಬೇಕು. ಅಂಥದೊಂದು ಕೊಟೇಶನ್ನಿಗೆ ಈ ಟೀಕೆ.

“ಹೊಂದುವ ಟ್ರ್ಯಾಕ್ಟರ್: 24ರಿಂದ 30 ಎಚ್.ಪಿ.”

ಬಾನೆಟ್ಟಿನ ಮೇಲೆ ಬರೆದ ಎಚ್.ಪಿ. ಎಂಜಿನ್ನಿನದು. ರೋಟವೇಟರ್ ತಿರುಗುವುದು ಟ್ರ್ಯಾಕ್ಟರಿನ ಹಿಂದೆ ತಿರುಗುವ ದಂಡದ (ಪಿಟಿಒ) ಬಲದಿಂದ. ಎಂಜಿನ್ನಿನ ನೂರರಲ್ಲಿ ಸುಮಾರು 85 ಪಾಲು ಮಾತ್ರ ಅಲ್ಲಿಗೆ ತಲಪುತ್ತದೆ. 24 ಎಚ್.ಪಿ. ಟ್ರ್ಯಾಕ್ಟರಿನಲ್ಲಿ ರೋಟವೇಟರಿಗೆ ಸಿಗುವುದು ಇಪ್ಪತ್ತರ ಆಸುಪಾಸು ಎಂದಾಯಿತು. ಒಣ ಹೊಲದಲ್ಲಿ ಅದು ಸಾಕು. ಮೊಣಕಾಲುದ್ದದ ಕೆಸರಿನಲ್ಲಿ ಗಾಲಿಗಳೇ ದೊಡ್ಡ ಪಾಲು ನುಂಗುತ್ತವೆ. ಹಾಗಾಗಿ 24 ಎಚ್.ಪಿ. ಇದ್ದವರಿಗೆ ಈ ಸಾಲು “ನಡೆಯುತ್ತದೆ” ಎಂದರೂ ನಾನು ಬೇಡ ಎನ್ನುತ್ತೇನೆ. ನಿಮ್ಮ ಟ್ರ್ಯಾಕ್ಟರ್ ಆ ಪಟ್ಟಿಯ ನಡುವೆ ಬರಬೇಕು, ಹೊಸ್ತಿಲಲ್ಲಿ ನಿಲ್ಲಬಾರದು. ಪಿಟಿಒ ಎಚ್.ಪಿ. ಎಷ್ಟೆಂದು ಟ್ರ್ಯಾಕ್ಟರಿನ ಪುಸ್ತಕದಲ್ಲೇ ಇರುತ್ತದೆ, ನೋಡಿಕೊಂಡು ಅಂಗಡಿಗೆ ಹೋಗಿ.

ಮಲೆನಾಡಿನಿಂದ ಬಂದ ನಮ್ಮವರು ಇಲ್ಲೊಂದು ಪ್ರಶ್ನೆ ಎತ್ತುವುದುಂಟು: ಇಷ್ಟು ತಾಪತ್ರಯವೇಕೆ, ಟಿಲ್ಲರ್ ಸಾಲದೇ? ಬೆಂಗಳೂರಿನ ವಿಎಸ್‌ಟಿ ಕಂಪನಿ 1967ರಲ್ಲಿ ಶುರುವಾಗಿ, ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ ಮಾಡಿದ ಟಿಲ್ಲರುಗಳು ಊರಿನ ಸಣ್ಣ ಗದ್ದೆಗಳನ್ನು ಎಷ್ಟೋ ಕಾಲದಿಂದ ಹದ ಮಾಡುತ್ತ ಬಂದಿವೆ. ಸ್ವಂತದ ಒಂದೆಕರೆಗೆ ಟಿಲ್ಲರೇ ಸಾಕು. ಆದರೆ ಇಲ್ಲಿ ಯಂತ್ರ ಕೊಳ್ಳುವವರು ಅಕ್ಕಪಕ್ಕದವರ ಗದ್ದೆಗೂ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಹೋಗುತ್ತಾರೆ. ಇಡೀ ದಿನ ಟಿಲ್ಲರಿನ ಹಿಂದೆ ಕೆಸರಿನಲ್ಲಿ ನಡೆಯುವ ಆಳು ಈಗ ಸಿಗುವುದಿಲ್ಲ.

“ಅಗಲ: 4 ಅಡಿ”

ಇಡೀ ಕೊಟೇಶನ್ನಿನಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಸಾಲು ಇದು. ಸಸಿಗೆ 21ರಿಂದ 25 ದಿನವಾಗುವಷ್ಟರಲ್ಲಿ ನಾಟಿಯಾಗಬೇಕು. ಮಳೆ ಹಿಡಿದ ವಾರ ಎಲ್ಲರ ಗದ್ದೆಗೂ ಒಟ್ಟಿಗೇ ಕರೆ ಬರುತ್ತದೆ. ಅಗಲ ಹೆಚ್ಚಿದ್ದಷ್ಟೂ ಬೇಗ ಮುಗಿಯುತ್ತದೆಂದು ಐದಡಿಯದಕ್ಕೆ ಆಸೆ ಪಡುವುದು ಸಹಜ, ಮಾರುವವರೂ ಅದನ್ನೇ ಮುಂದೆ ಮಾಡುತ್ತಾರೆ. ಸಣ್ಣ ಟ್ರ್ಯಾಕ್ಟರಿಗೆ ಐದಡಿ ಕಟ್ಟಿದರೆ ಎಂಜಿನ್ ಉಸಿರು ಕಟ್ಟಿಕೊಂಡು ಗೇರ್ ಇಳಿಸಬೇಕಾಗುತ್ತದೆ, ಉಳಿಸಿದ ಸಮಯ ಅಲ್ಲೇ ಹೋಯಿತು.

ಹಾಗೆಂದು ಕಿರಿದಾದರೂ ಕಷ್ಟ. ಒಂದು ಟೇಪು ತೆಗೆದುಕೊಂಡು ಹಿಂದಿನ ಒಂದು ಟೈರಿನ ಹೊರ ಅಂಚಿನಿಂದ ಇನ್ನೊಂದರ ಹೊರ ಅಂಚಿನವರೆಗೆ ಅಳೆಯಿರಿ. ನಾಲ್ಕಡಿ ಎಂದರೆ 122 ಸೆಂಟಿಮೀಟರ್. ಟೈರಿನ ಅಳತೆ ಅದಕ್ಕಿಂತ ಕಡಿಮೆಯಿದ್ದರೆ ಗಾಲಿಯ ಗುರುತೆಲ್ಲ ಅಳಿಸಿಕೊಂಡು ಬರುತ್ತದೆ. ಹೆಚ್ಚಿದ್ದರೆ ಎರಡೂ ಬದಿಯಲ್ಲಿ ಗಟ್ಟಿ ಪಟ್ಟಿ ಉಳಿಯುತ್ತದೆ. ಆಗ ರೋಟವೇಟರನ್ನು ಒಂದು ಬದಿಗೆ ಸರಿಸಿ ಕೂರಿಸಲು ಬರುತ್ತದೆಯೇ ಎಂದು ಕೇಳಬೇಕು. ಬದುವಿನ ಅಂಚಿನವರೆಗೂ ಬ್ಲೇಡ್ ಹೋಗಬೇಕಾದರೂ ಈ ಸರಿಸುವ ಸೌಕರ್ಯ ಬೇಕೇ ಬೇಕು.

ಕೊಟೇಶನ್ ಹೇಳದ ಮಾತು ಇನ್ನೊಂದಿದೆ. ಕೆಸರಿಗೆ ಇಳಿಸುವಾಗ ಟೈರಿನ ಹೊರಗೆ ಕಬ್ಬಿಣದ ಕೇಜ್‌ವೀಲ್ ಕಟ್ಟಿದರೆ ಟ್ರ್ಯಾಕ್ಟರಿನ ಅಗಲ ಇದ್ದಕ್ಕಿದ್ದಂತೆ ಬೆಳೆಯುತ್ತದೆ. ಅಂಗಡಿಯ ಅಂಗಳದಲ್ಲಿ ಸರಿಯಾಗಿದ್ದ ಲೆಕ್ಕ ಗದ್ದೆಯಲ್ಲಿ ತಪ್ಪುತ್ತದೆ. ಅಳೆಯುವುದಿದ್ದರೆ ಕೇಜ್‌ವೀಲ್ ಸಮೇತ ಅಳೆಯಿರಿ. ಜೊತೆಗೆ ಗದ್ದೆಗೆ ಹೋಗುವ ದಾರಿಯನ್ನೂ. ಹೊಸ ಸೊಸೈಟಿಗಳ ಕಾಂಪೌಂಡ್ ಗೋಡೆಗಳ ನಡುವೆ ಎಷ್ಟೋ ಗಾಡಿದಾರಿಗಳು ಈಗ ಓಣಿಗಳಾಗಿವೆ.

“ಬ್ಲೇಡ್: ಎಲ್ ಆಕಾರ, ಬೋರಾನ್ ಸ್ಟೀಲ್”

“ಕಾಕಾ, ಎಲ್ ಬ್ಲೇಡೇ ಎಲ್ಲ ಕಡೆ ಓಡೋದು” ಎನ್ನುತ್ತಾರೆ ಅಂಗಡಿಯ ಹುಡುಗರು. ಓಡುವುದು ನಿಜ, ಆದರೆ ಹೆಚ್ಚಾಗಿ ಒಣ ಹೊಲಗಳಲ್ಲಿ. ಎಲ್ ಬ್ಲೇಡಿನ ತುದಿ ಚಪ್ಪಟೆಯಾಗಿ ಮಡಿಚಿಕೊಂಡಿರುತ್ತದೆ. ಕಳೆ, ಕೂಳೆ ಹೆಚ್ಚಿರುವಲ್ಲಿ ಬುಡ ಕತ್ತರಿಸಲು ಅದು ಒಳ್ಳೆಯದು. ಅಂಟು ಮಣ್ಣಿನಲ್ಲಿ ಅದೇ ತುದಿ ಕೆಸರನ್ನು ಹೊತ್ತುಕೊಂಡೇ ಸುತ್ತುತ್ತದೆ. ದುಂಡಗೆ ಬಾಗಿದ ಸಿ ಬ್ಲೇಡು ಭಾರಿ ಮಣ್ಣಿಗೂ ಹಸಿ ಮಣ್ಣಿಗೂ ಸಲೀಸು. ಕೆಸರೇ ಮುಖ್ಯ ಕೆಲಸವಾದರೆ ಸಿ ಬ್ಲೇಡ್ ಕೇಳಿ ಪಡೆಯಿರಿ. ಎರಡೂ ಬಗೆ ಕೂರುವ ಫ್ಲಾಂಜ್ ಇದ್ದರೆ ಇನ್ನೂ ಒಳ್ಳೆಯದು.

ಆಳದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಗದ್ದೆಯನ್ನು ಕೆಸರು ಮಾಡುವುದು ನೀರು ಇಂಗದಂತೆ ತಡೆಯಲು, ಕಳೆ ಹೂಳಲು, ಸಸಿ ಊರಲು ಮೆದು ಮಾಡಲು. 10ರಿಂದ 15 ಸೆಂಟಿಮೀಟರ್ ಧಾರಾಳವಾಯಿತು. ಇನ್ನೂ ಆಳಕ್ಕಿಳಿಸಿದರೆ ಟ್ರ್ಯಾಕ್ಟರೇ ಹೂತುಕೊಳ್ಳುತ್ತದೆ. ಮತ್ತೆ, ಕೊಂಕಣದಲ್ಲಿ ಭತ್ತ ಕೊಯ್ದ ಮೇಲೆ ಉಳಿದ ತೇವದಲ್ಲೇ ವಾಲ್ (ಅವರೆ) ಬಿತ್ತುತ್ತಾರಲ್ಲ, ಅತಿಯಾಗಿ ಅರೆದ ಮಣ್ಣು ಅಷ್ಟರಲ್ಲಿ ಗಟ್ಟಿಯಾಗಿ ಅದರ ಬೇರಿಗೆ ದಾರಿ ಕೊಡುವುದಿಲ್ಲ. ಆಳ ತಡೆಯುವ ಸ್ಕಿಡ್ ಎರಡೂ ಬದಿಗೆ ಇದೆಯೇ, ಅದರ ತೂತುಗಳಲ್ಲಿ ಬೋಲ್ಟ್ ಸುಲಭವಾಗಿ ಬದಲಿಸಬಹುದೇ ಎಂದು ಕೈಯಿಟ್ಟು ನೋಡಿ.

“ಸೈಡ್ ಡ್ರೈವ್: ಚೈನ್”

ಅಗ್ಗ. ಚೈನ್ ಸಡಿಲವಾಗುತ್ತದೆ, ಬಿಗಿ ಮಾಡುತ್ತಿರಬೇಕು. ಕಲ್ಲು ಸಿಗುವ ನೆಲಕ್ಕೆ, ಬಾಡಿಗೆ ಕೆಲಸಕ್ಕೆ ಗೇರ್ ಡ್ರೈವೇ ಲೇಸು.

“ಬೇರಿಂಗ್ ಸೀಲ್: ಸ್ಟ್ಯಾಂಡರ್ಡ್”

ಕೆಸರಿನಲ್ಲಿ ಯಂತ್ರ ಸಾಯುವುದು ಈ ಜಾಗದಲ್ಲಿ, ಅದನ್ನು ಒಂದೇ ಪದದಲ್ಲಿ ಮುಗಿಸಿದ್ದಾರೆ. ಬ್ಲೇಡುಗಳು ಕೂತಿರುವ ರೋಟರಿನ ಎರಡು ತುದಿಯಲ್ಲೂ ಬೇರಿಂಗುಗಳಿವೆ, ಅವೆರಡೂ ಕೆಲಸದುದ್ದಕ್ಕೂ ಕೆಸರಿನೊಳಗೇ ಮುಳುಗಿರುತ್ತವೆ. ಸಾಧಾರಣ ರಬ್ಬರ್ ಸೀಲು ಮರಳು ಮಿಶ್ರಿತ ನೀರಿಗೆ ಬೇಗ ಸವೆಯುತ್ತದೆ. ಕೆಸರಿಗೆಂದೇ ಮಾಡಿದ ಯಂತ್ರಗಳಲ್ಲಿ ಎರಡು ಲೋಹದ ಬಳೆಗಳು ಮುಖಕ್ಕೆ ಮುಖ ಒತ್ತಿಕೊಂಡಿರುವ ಡ್ಯುಯೋ ಕೋನ್ ಸೀಲ್ ಇರುತ್ತದೆ. ಬೆಲೆ ಹೆಚ್ಚು, ನನ್ನ ಕೇಳಿದರೆ ಬೇರೆ ಎಲ್ಲದರಲ್ಲಿ ಚೌಕಾಸಿ ಮಾಡಿ, ಇದರಲ್ಲಿ ಬೇಡ.

ಸೀಲ್ ಸೋತದ್ದನ್ನು ಕಂಡುಹಿಡಿಯುವುದು ಸುಲಭ. ಒಂದು ದಿನದ ಕೆಲಸ ಮುಗಿದ ಮೇಲೆ ಪಕ್ಕದ ಡಬ್ಬಿಯ ಆಯಿಲ್ ಪ್ಲಗ್ ಬಿಚ್ಚಿ ಬೆರಳಿಗೆ ಒಂದು ಹನಿ ತೆಗೆದುಕೊಳ್ಳಿ. ಒಳ್ಳೆಯ 90 ನಂಬರಿನ ಆಯಿಲ್ ಕಂದು ಬಣ್ಣಕ್ಕೆ, ಮಂದವಾಗಿ ಇಳಿಯುತ್ತದೆ. ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಒಳಗೆ ಸೇರಿದೆ, ಮರುದಿನ ಗದ್ದೆಗಿಳಿಸಬೇಡಿ. ಹಳೆಯ ರೋಟವೇಟರ್ ಕೊಳ್ಳುವವರೂ ಮೊದಲು ಈ ಪ್ಲಗ್ಗನ್ನೇ ಬಿಚ್ಚಿಸಿ ನೋಡಬೇಕು, ಬಣ್ಣ ಬಳಿದ ಮೈಯನ್ನಲ್ಲ.

ಉಲ್ಹಾಸ್ ನದಿಯ ಕಡೆ ಗದ್ದೆಯಿರುವವರಿಗೆ ಇನ್ನೊಂದು ಎಚ್ಚರಿಕೆ. ಕೆಸರು ಉಳುಮೆ, ನಾಟಿಯ ಕಾಲವೇ ನದಿ ಉಕ್ಕುವ ಕಾಲ. 2019ರ ಜುಲೈ 27ರಂದು ಬದಲಾಪುರ–ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಪ್ರವಾಹದಲ್ಲಿ ಸಿಕ್ಕಿಕೊಂಡು, ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಗಳಲ್ಲಿ ಹೊರತಂದದ್ದು ಯಾರೂ ಮರೆತಿಲ್ಲ. ರೈಲೇ ನಿಂತ ನೀರಿನಲ್ಲಿ ಬದುವಿನ ಮೇಲೆ ಬಿಟ್ಟುಬಂದ ರೋಟವೇಟರಿಗೆ ಯಾವ ಸೀಲೂ ಕಾವಲಾಗದು. ಸಂಜೆ ಎತ್ತರದ ಜಾಗಕ್ಕೆ ತಂದು ನಿಲ್ಲಿಸುವುದೇ ದಾರಿ.

“ತೂಕ: 230 ಕೆ.ಜಿ.”

ಟ್ರ್ಯಾಕ್ಟರಿನ ಲಿಫ್ಟ್ 700–750 ಕೆ.ಜಿ. ಎತ್ತುತ್ತದೆ ಎಂದಮೇಲೆ ಭಯವೇನು ಅನಿಸಬಹುದು. ಮೆತ್ತಿದ ಕೆಸರಿನ ತೂಕ ಇದರಲ್ಲಿ ಸೇರಿಲ್ಲ. ಬದು ಹತ್ತುವಾಗ ಹಿಂದೆ ಭಾರ ನೇತಾಡಿದರೆ ಮುಂದಿನ ಗಾಲಿ ಏಳುತ್ತದೆ, ಸ್ಟಿಯರಿಂಗ್ ಕೈಗೆ ಸಿಗುವುದಿಲ್ಲ. ಮುಂದೆ ತೂಕದ ಬಿಲ್ಲೆ ಹಾಕಿಸಿಕೊಳ್ಳಿ.

“ಸರ್ಕಾರಿ ಸಬ್ಸಿಡಿ ಸಿಗುತ್ತದೆ”

ಸಿಗುತ್ತದೆ, ಕ್ರಮ ತಪ್ಪದಿದ್ದರೆ. ಮಹಾರಾಷ್ಟ್ರದಲ್ಲಿ ಅರ್ಜಿ ಮಹಾಡಿಬಿಟಿ ಜಾಲತಾಣದಲ್ಲಿ. ಏನೇನು ದಾಖಲೆ ಬೇಕೆಂದು ಅಲ್ಲೇ ನೋಡಿಕೊಳ್ಳಿ. ಪೂರ್ವಸಮ್ಮತಿ ಪತ್ರ ಕೈಗೆ ಬಂದ ಮೇಲೆ ಕೊಳ್ಳಬೇಕು; ಮೊದಲೇ ಬಿಲ್ ಮಾಡಿಸಿದರೆ ಹಣ ಬರುವುದಿಲ್ಲ. ಯಂತ್ರಕ್ಕೆ ಮಾನ್ಯ ಸಂಸ್ಥೆಯ ಪರೀಕ್ಷಾ ವರದಿ ಇರಬೇಕು. ಆ ವರದಿ ಕೇಳಿದಾಗ ಅಂಗಡಿಯವರು ಮಾತು ತಿರುಗಿಸಿದರೆ ನೀವು ಬೇರೆ ಅಂಗಡಿಗೆ ತಿರುಗಿ.

“ಪಿಟಿಒ ಶಾಫ್ಟ್ ಉಚಿತ”

ಉಚಿತ ಎಂದು ಹೇಗೋ ಇದ್ದುದನ್ನು ಒಪ್ಪಬೇಡಿ. ಲಿಫ್ಟ್ ಪೂರ್ತಿ ಎತ್ತಿ, ಪೂರ್ತಿ ಇಳಿಸಿ ನೋಡಿದಾಗ ಶಾಫ್ಟ್ ಒತ್ತಿಕೊಳ್ಳಲೂಬಾರದು, ಕಳಚಲೂಬಾರದು. ಉದ್ದವಾದರೆ ಅಲ್ಲೇ ಕತ್ತರಿಸಿಕೊಡಬೇಕು. ಮೇಲಿನ ಪ್ಲಾಸ್ಟಿಕ್ ಕವಚ ಇರಲೇಬೇಕು: ಪಿಟಿಒ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು. ಲುಂಗಿಯ ಚುಂಗು ಸಿಕ್ಕಿದರೆ ಬಿಡಿಸಿಕೊಳ್ಳಲು ಹೊತ್ತಿರುವುದಿಲ್ಲ.

ಶಾಫ್ಟಿನಲ್ಲಿ ಶಿಯರ್ ಬೋಲ್ಟ್ ಇದ್ದರೆ ಅದೇ ಅಳತೆಯ, ಅದೇ ಗ್ರೇಡಿನ ನಾಲ್ಕಾರು ಬೋಲ್ಟನ್ನು ಟೂಲ್ ಡಬ್ಬಿಯಲ್ಲಿಡಿ. ಬ್ಲೇಡು ಕಲ್ಲಿಗೆ ಸಿಕ್ಕಾಗ ತಾನು ಮುರಿದು ಗೇರ್‌ಬಾಕ್ಸ್ ಉಳಿಸುವುದು ಅದರ ಕೆಲಸ. ಪದೇ ಪದೇ ಮುರಿಯುತ್ತದೆಂದು ಗಟ್ಟಿ ಬೋಲ್ಟ್ ಜಡಿದರೆ ಮುಂದಿನ ಕಲ್ಲಿಗೆ ಮುರಿಯುವುದು ಗೇರಿನ ಹಲ್ಲು, ಅದೂ ನಾಟಿಯ ವಾರದಲ್ಲಿ, ಮೆಕ್ಯಾನಿಕ್ ಕೈಗೆ ಸಿಗದ ಹೊತ್ತಿನಲ್ಲಿ.