ಜೂನ್ ತಿಂಗಳ ನೆನಪಿನ ಪುಸ್ತಕ

ಮನೆಮಾತು ಬೇರೆಯಾದ ಮಕ್ಕಳಿಗೆ ಫ್ರೆಂಚಿನಲ್ಲೇ ಪಾಠ ಹೇಳುವ ಕೆನಡಾದ ಫ್ರೆಂಚ್ ಇಮ್ಮರ್ಶನ್ ಶಾಲೆಗಳಲ್ಲಿ ವರ್ಷ ಮುಗಿಯುವುದು ಜೂನ್‌ನಲ್ಲಿ. ಆಗ ಪುಟ್ಟ ಮಕ್ಕಳು ಕೈಯಾರೆ ಮಾಡುವ ನೆನಪಿನ ಪುಸ್ತಕ ನನಗೆ ಬಲು ಇಷ್ಟ. ಮಡಚಿ ಪಿನ್ನು ಹೊಡೆದ ನಾಲ್ಕಾರು ಹಾಳೆ, ಬಣ್ಣದ ಪೆನ್ಸಿಲ್ಲಿನ ಚಿತ್ರ, ಕೆಳಗೆ ಫ್ರೆಂಚಿನಲ್ಲಿ ಎರಡು ಸಾಲು: ಮೆಚ್ಚಿನ ಗೆಳತಿ ಯಾರು, ಬೇಸಿಗೆ ರಜೆಯಲ್ಲಿ ಎಲ್ಲಿಗೆ ಹೋಗುವುದು. ಅಕ್ಷರ ತಪ್ಪಿರುತ್ತದೆ, ಪುಲ್ಲಿಂಗ ಸ್ತ್ರೀಲಿಂಗ ಅದಲುಬದಲಾಗಿರುತ್ತದೆ, ಇರಲಿ. ಮನೆಯಲ್ಲಿ ಇಂಗ್ಲಿಷೋ ಪಂಜಾಬಿಯೋ ಕನ್ನಡವೋ ಆಡುವ ಮಗು, ಶಾಲೆಗೆ ಬಂದಾಗ ಫ್ರೆಂಚಿನ ಒಂದು ಮಾತೂ ತಿಳಿಯದೆ ಕೂತಿದ್ದದ್ದು, ಈಗ ಆ ನುಡಿಯಲ್ಲೇ ತನ್ನ ಆಸೆ ಹೇಳಿಕೊಂಡಿದೆ! 1965ರಲ್ಲಿ ಕ್ವಿಬೆಕ್‌ನ ಸೇಂಟ್ ಲ್ಯಾಂಬರ್ಟ್‌ನಲ್ಲಿ ಇಂಗ್ಲಿಷ್ ಮನೆಮಾತಿನ ತಾಯ್ತಂದೆಯರು ಪಟ್ಟು ಹಿಡಿದು ಶುರುಮಾಡಿಸಿದ ಫ್ರೆಂಚ್ ಇಮ್ಮರ್ಶನ್ ಶಿಶುವಿಹಾರ ತರಗತಿ ಬಯಸಿದ್ದೂ ಇದನ್ನೇ. ನೆನಪಿನ ಪುಸ್ತಕದ ಕಡೆಯ ಪುಟ ಸಹಪಾಠಿಗಳ ಸಹಿಗೆ ಮೀಸಲು. ಒಬ್ಬರೂ ತಪ್ಪಬಾರದೆಂದು ಮಕ್ಕಳು ಪುಸ್ತಕ ಹಿಡಿದು ಬೆಂಚಿನಿಂದ ಬೆಂಚಿಗೆ ಓಡುತ್ತಾರೆ.